ಕನ್ನಡ ವೆಬ್‌ಸೈಟಿಗೆ ಯಾವ ಫಾಂಟ್: ಬಾಲೂ ತಮ್ಮನೋ, ನೋಟೋ ಸಾನ್ಸೋ?

ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಹಾಗಾಗಿ ದುಡ್ಡಿನ ಮಾತು ಬಿಡೋಣ.

ಬಾಲೂ ತಮ್ಮ ನೋಡಿದ ಕೂಡಲೇ ಇಷ್ಟವಾಗುತ್ತದೆ. ದುಂಡಗೆ, ದಪ್ಪಗೆ, ಗೋಡೆ ಮೇಲೆ ಬ್ರಷ್‌ನಲ್ಲಿ ಬರೆದ ಹಾಗೆ. ಅಂಗಡಿ ಹೆಸರಿಗೆ, ಮುಖಪುಟದ ತಲೆಬರಹಕ್ಕೆ ಇದು ತರುವ ಕಳೆ ನೋಟೋದಲ್ಲಿ ಇಲ್ಲ. ಆದರೆ ಅದೇ ದಪ್ಪ ಅಕ್ಷರದಲ್ಲಿ ನಾಲ್ಕು ಪ್ಯಾರಾ ಹಾಕಿ, ಮೊಬೈಲಿನಲ್ಲಿ ತೆರೆದು ನೋಡಿ. ‘ರಾಷ್ಟ್ರ’ ಎಂಬ ಪದವನ್ನೇ ತೆಗೆದುಕೊಳ್ಳಿ. ಷಕಾರಕ್ಕೆ ಟ ಒತ್ತು, ಅದರ ಜೊತೆಗೆ ರ ಒತ್ತು. ದಪ್ಪ ಗೆರೆಗಳ ನಡುವಿನ ಬಿಳಿ ಜಾಗವೇ ಮುಚ್ಚಿಹೋಗುತ್ತದೆ. ಕಣ್ಣು ಅಲ್ಲೇ ತಡವರಿಸುತ್ತದೆ, ಅಲ್ವಾ?

ನೋಟೋ ಸಾನ್ಸ್ ಕನ್ನಡ ಸ್ವಲ್ಪ ಸಪ್ಪೆ ಅನ್ನಿಸಬಹುದು. ಆದರೆ 16 ಪಿಕ್ಸೆಲ್‌ನಲ್ಲೂ ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆ.

ನನ್ನ ಆಯ್ಕೆ: ತಲೆಬರಹಕ್ಕೆ ಬಾಲೂ, ಓದುವ ಬರಹಕ್ಕೆ ನೋಟೋ. ಸಾಲಿನ ಎತ್ತರ (ಲೈನ್-ಹೈಟ್) ಅಕ್ಷರ ಗಾತ್ರದ 1.7 ಪಟ್ಟಿನ ಆಸುಪಾಸು ಇಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಚೆಂದಕ್ಕೆಂದು ಸುಮ್ನೆ ತಿಳಿ ಬೂದು ಬಣ್ಣ ಹಾಕಬೇಡಿ. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ತಿಳಿ-ಗಾಢ ವ್ಯತ್ಯಾಸ) ಇರಬೇಕು ಎನ್ನುತ್ತದೆ, ವೆಬ್‌ಸೈಟ್ ಎಲ್ಲರಿಗೂ ಓದಲು ಬರುವಂತಿರಬೇಕೆಂದು ರೂಪಿಸಿದ ಡಬ್ಲ್ಯೂಸಿಎಜಿ (WCAG) ಮಾರ್ಗಸೂಚಿಯ ಎಎ ಮಟ್ಟ. ಬಿಸಿಲಲ್ಲಿ ನಿಂತು ಓದುವವರಿಗೆ ಅದೂ ಕಡಿಮೆಯೇ.