ಬಾಗುವ ಪೈಪಿಗೆ ಯಾವ ಮಿಶ್ರಣ: ಡಿಒಪಿ ಹಾಕಿದ ಪಿವಿಸಿ, ನೈಟ್ರೈಲ್ ಬೆರೆತ ಪಿವಿಸಿ, ಇಲ್ಲಾ ಪಾಲಿಎಥಿಲೀನ್?

ಪೀಣ್ಯದಲ್ಲಿ ಸಣ್ಣ ಎಕ್ಸ್‌ಟ್ರೂಡರ್ (ಪ್ಲಾಸ್ಟಿಕ್ ಕರಗಿಸಿ ಪೈಪಾಗಿ ಹೊರಗೆ ತಳ್ಳುವ ಯಂತ್ರ) ಹಾಕಿಕೊಂಡು ಬಾಗುವ ಪೈಪ್ ಮಾಡಬೇಕು ಅಂತಿದ್ದರೆ, ಅದರೊಳಗೆ ಏನು ಹರಿಯುತ್ತದೆ ಅನ್ನೋದನ್ನ ಮೊದಲು ತೀರ್ಮಾನಿಸಿ. ರೇಟು ಆಮೇಲೆ.

ಗಿಡಕ್ಕೆ ನೀರು ಬಿಡುವ ಪೈಪಿಗೆ ಡಿಒಪಿಯಂಥ ಪ್ಲಾಸ್ಟಿಸೈಸರ್ (ಪ್ಲಾಸ್ಟಿಕ್ಕನ್ನ ಮೆತ್ತಗೆ ಮಾಡುವ ಎಣ್ಣೆಯಂಥ ದ್ರವ) ಹಾಕಿದ ಪಿವಿಸಿ ಸಾಕು. ಅಗ್ಗ, ಮತ್ತೆ ಎಷ್ಟು ಮೆತ್ತಗೆ ಬೇಕೋ ಅಷ್ಟು ಡಿಒಪಿ ಸೇರಿಸಿದರಾಯಿತು. ತೊಂದರೆ ಏನಂದ್ರೆ, ಅದು ಪಿವಿಸಿಗೆ ರಾಸಾಯನಿಕವಾಗಿ ಅಂಟಿಕೊಂಡಿರುವುದಿಲ್ಲ, ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದರೆ ನಿಧಾನವಾಗಿ ಹೊರಗೆ ಹೋಗುತ್ತದೆ. ತಾರಸಿ ಮೇಲಿನ ಹಳೇ ಪೈಪನ್ನ ಬಗ್ಗಿಸಿ ನೋಡಿ: ಸೆಟೆದುಕೊಂಡಿರುತ್ತದೆ, ಮಡಿಕೆಯಲ್ಲೇ ಬಿರುಕು ಬಿಡುತ್ತದೆ. ಕುಡಿಯುವ ನೀರಿಗಂತೂ ಡಿಒಪಿ ಬೇಡವೇ ಬೇಡ.

ಡೀಸೆಲ್, ಆಯಿಲ್ ಹೋಗುವ ಪೈಪಾದರೆ ಸುಮ್ನೆ ಯೋಚನೆ ಮಾಡಬೇಡಿ, ಪಿವಿಸಿ-ನೈಟ್ರೈಲ್ ಹಿಡಿಯಿರಿ. ನೈಟ್ರೈಲ್ ರಬ್ಬರಿನಲ್ಲಿ ಅಕ್ರಿಲೋನೈಟ್ರೈಲ್ (ಎಣ್ಣೆ ತಡೆಯುವ ಗುಣ ಕೊಡುವ ಅಂಶ) ಸುಮಾರು 30ರಿಂದ 40 ಪರ್ಸೆಂಟ್ ಇದ್ದರೆ ಪಿವಿಸಿ ಜೊತೆ ಚೆನ್ನಾಗಿ ಬೆರೆಯುತ್ತದೆ, ಅಣು ದೊಡ್ಡದಾದ್ದರಿಂದ ಡಿಒಪಿ ಥರ ಹೊರಗೆ ಜಾರುವುದಿಲ್ಲ. ದುಬಾರಿ, ಹೌದು. ಯಾವ ಪಿವಿಸಿಯಾದರೂ ಎಕ್ಸ್‌ಟ್ರೂಡರಿನ ಬಿಸಿ ಬ್ಯಾರೆಲ್‌ನಲ್ಲಿ ಜಾಸ್ತಿ ಕಾದರೆ ಕಂದು ಬಣ್ಣಕ್ಕೆ ತಿರುಗಿ ಆಸಿಡ್ ಹೊಗೆ ಬಿಡುತ್ತದೆ, ಅದನ್ನ ತಡೆಯುವ ಸ್ಟೆಬಿಲೈಸರ್‌ನಲ್ಲಿ ಜಿಪುಣತನ ಮಾಡಬೇಡಿ.

ಹನಿ ನೀರಾವರಿಗೆ ಪಾಲಿಎಥಿಲೀನ್, ಅಂದ್ರೆ ಅದರದೇ ಎರಡು ಬಗೆಗಳಾದ ಎಲ್‌ಎಲ್‌ಡಿಪಿಇ-ಎಲ್‌ಡಿಪಿಇ ಮಿಶ್ರಣ. ಬಿಸಿಲಿಗೆ 2ರಿಂದ 2.5 ಪರ್ಸೆಂಟ್ ಕಾರ್ಬನ್ ಬ್ಲ್ಯಾಕ್ (ಬಿಸಿಲು ತಡೆಯುವ ಕಪ್ಪು ಪುಡಿ) ಇರಲಿ. ಪಿವಿಸಿಯಷ್ಟು ಮೆತ್ತಗಿರುವುದಿಲ್ಲ, ಆದರೆ ಪ್ಲಾಸ್ಟಿಸೈಸರ್ ಗೊಡವೆಯೇ ಇಲ್ಲ. ಪಾಲಿಎಥಿಲೀನ್ ಸಾಂದ್ರತೆ 0.92ರ ಆಸುಪಾಸು (ಒಂದು ಘನ ಸೆಂಟಿಮೀಟರಿಗೆ ಗ್ರಾಂ ಲೆಕ್ಕ), ಮೆತ್ತನೆ ಪಿವಿಸಿದು ಸಾಮಾನ್ಯವಾಗಿ 1.2ಕ್ಕೂ ಜಾಸ್ತಿ, ಅಂದ್ರೆ ಅದೇ ಅಳತೆಯ ಪೈಪಾದರೆ ಒಂದು ಕೆಜಿಗೆ ಪಾಲಿಎಥಿಲೀನ್‌ನಲ್ಲಿ ಹೆಚ್ಚು ಮೀಟರ್ ಸಿಗುತ್ತದೆ. ಅದಕ್ಕೇ ಕೆಜಿ ರೇಟು ನೋಡಿ ಹೋಲಿಸಬೇಡಿ, ಮೀಟರ್ ಲೆಕ್ಕ ಹಾಕಿ.