ತುಂಬಾಡ್: ಮಳೆ, ಹಿಟ್ಟು ಮತ್ತು ಒಂದು ಹಗ್ಗ

ನಮ್ಮೂರು ಹೊಸನಗರದ ಹತ್ತಿರ. ಜುಲೈ ಬಂತು ಅಂದರೆ ಒಗೆದ ಬಟ್ಟೆಯೆಲ್ಲ ಒಲೆಯ ಮೇಲಿನ ಅಟ್ಟಕ್ಕೆ. ಹೊಗೆ ವಾಸನೆಯ ಅಂಗಿ ಹಾಕಿಕೊಂಡೇ ಹತ್ತನೇ ಕ್ಲಾಸ್ ಮುಗಿಸಿದವನು ನಾನು. ಹಾಗಾಗಿ ಸಿನಿಮಾದಲ್ಲಿ ಮಳೆ ಬಂದರೆ, ಇದು ಟ್ಯಾಂಕರ್ ಮಳೆಯೋ ನಿಜವಾದ ಮಳೆಯೋ ಅಂತ ನನಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಟ್ಯಾಂಕರ್ ಮಳೆ ಹೀರೋ ಹೀರೋಯಿನ್ ಮೇಲೆ ಮಾತ್ರ ಬೀಳುತ್ತದೆ. ಹಿಂದಿನ ಗುಡ್ಡ ಆರಾಮಾಗಿ ಒಣಗಿಕೊಂಡಿರುತ್ತದೆ.

'ತುಂಬಾಡ್' ಸಿನಿಮಾದಲ್ಲಿ ಗುಡ್ಡವೂ ನೆನೆದಿದೆ. ಗೋಡೆ, ಗೋಡೆಯ ಪಾಚಿ, ಮನುಷ್ಯರ ಕತ್ತಿನ ಹಿಂಭಾಗ, ಎಲ್ಲವೂ ನೆನೆದಿದೆ. ಇದನ್ನು ಶೂಟ್ ಮಾಡಲು ಶುರು ಮಾಡಿದ್ದು 2012ರಲ್ಲಿ, ತೆರೆಗೆ ಬಂದಿದ್ದು 2018ರ ಅಕ್ಟೋಬರ್ 12ಕ್ಕೆ. ನಡುವೆ ಮತ್ತೆ ಮತ್ತೆ ಮಳೆಗಾಲಕ್ಕೆ ಕಾದು ಕಾದು ತೆಗೆದಿದ್ದಾರೆ. ಮೋಡ ಮುಚ್ಚಿದಾಗ ಮಾತ್ರ ಬರುವ ಆ ಬೂದು ಬಣ್ಣ ಇದೆಯಲ್ಲ, ಮಧ್ಯಾಹ್ನ ಹನ್ನೆರಡಕ್ಕೂ ಸಂಜೆ ಆರರ ಹಾಗೆ ಕಾಣುವ ಬಣ್ಣ, ಅದನ್ನು ನಾನು ಬೇರೆ ಯಾವ ಹಿಂದಿ ಸಿನಿಮಾದಲ್ಲೂ ಇಷ್ಟು ಸರಿಯಾಗಿ ನೋಡಿಲ್ಲ. ಕ್ಯಾಮೆರಾ ಪಂಕಜ್ ಕುಮಾರ್ ಅವರದು. ಫಿಲ್ಮ್‌ಫೇರ್ ಕೊಟ್ಟರು, ಸರಿಯಾಗೇ ಕೊಟ್ಟರು.

ಮೊದಲ ಸಲ ನಾನಿದನ್ನು ನೋಡಿದ್ದು ಶಿವಮೊಗ್ಗಕ್ಕೆ ಹೋಗುವ ರಾತ್ರಿ ಬಸ್ಸಿನಲ್ಲಿ, ಮೊಬೈಲ್ ಪರದೆಯಲ್ಲಿ. ಅದು ನಾನು ಮಾಡಿದ ಪಾಪ. ಅರ್ಧ ಸಿನಿಮಾ ಕಪ್ಪಾಗಿ ಕಂಡಿತ್ತು, ಇನ್ನರ್ಧದಲ್ಲಿ ನನ್ನದೇ ಮುಖ ಕಂಡಿತ್ತು. 2024ರ ಸೆಪ್ಟೆಂಬರ್ 13ಕ್ಕೆ ಮರುಬಿಡುಗಡೆ ಆದಾಗ ಪ್ರಾಯಶ್ಚಿತ್ತ ಮಾಡಿಕೊಳ್ಳೋಣ ಅಂತ ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸಿಗೆ ನಾಲ್ಕು ಜನ ಹೋದೆವು. ಹಾಲ್ ತುಂಬಿತ್ತು. ಮೊದಲು ಬಂದಾಗ ಜನ ಅಷ್ಟಾಗಿ ತಿರುಗಿ ನೋಡದ ಸಿನಿಮಾ, ಆರು ವರ್ಷದ ಮೇಲೆ ಮೊದಲಿಗಿಂತ ಎರಡು ಪಟ್ಟು ಜಾಸ್ತಿ ದುಡ್ಡು ಮಾಡಿತು. ಬಾಯಿಂದ ಬಾಯಿಗೆ ಹೋಗಿದ್ದೇ ಇದರ ಪ್ರಚಾರ.

ಥಿಯೇಟರಿನ ಬಗ್ಗೆ ಮೊದಲೇ ಹೇಳಿ ಮುಗಿಸುತ್ತೇನೆ. ಲಾಟೀನಿನ ಬೆಳಕಿನಲ್ಲಿ ತೆಗೆದ ಸಿನಿಮಾಕ್ಕೆ ಪ್ರೊಜೆಕ್ಟರ್ ಲ್ಯಾಂಪ್ ಸರಿಯಾಗಿರಬೇಕು ಅಲ್ವಾ? ಇಲ್ಲಿ ಪರದೆಯ ಎಡಗಡೆ ಬಾಗಿಲಿನ ಮೇಲಿದ್ದ ಹಸಿರು ಎಕ್ಸಿಟ್ ದೀಪವೇ ಸಿನಿಮಾಕ್ಕಿಂತ ಜೋರಾಗಿತ್ತು. ಬಾವಿಯೊಳಗಿನ ಕತ್ತಲೆಗೆ ಹಸಿರು ಬಣ್ಣ ಬಳಿದ ಹಾಗೆ. ಹೋಗಿ ಹೇಳಿದೆ. ಹುಡುಗ ತುಂಬಾ ವಿನಯದಿಂದ 'ಸಿನಿಮಾನೇ ಡಾರ್ಕ್ ಸಾರ್' ಅಂದ. ಪಾಪ್‌ಕಾರ್ನಿಗೆ 390 ರೂಪಾಯಿ. ದುರಾಸೆಯ ಸಿನಿಮಾ ತಾನೇ, ಇರಲಿ ಬಿಡಿ.

ಕಥೆ ಕೊಂಕಣದ್ದು. ತುಂಬಾಡ್ ಅನ್ನುವುದು ರತ್ನಾಗಿರಿ ಜಿಲ್ಲೆಯ ಊರು. ಸಮೃದ್ಧಿಯ ದೇವತೆಯ ಹೊಟ್ಟೆಯಲ್ಲಿ ಹುಟ್ಟಿದ ಮೊದಲ ಮಗು ಹಸ್ತರ್. ಆ ತಾಯಿಯ ಹತ್ತಿರ ಎರಡು ಸಂಪತ್ತು, ಚಿನ್ನ ಮತ್ತು ಧಾನ್ಯ. ಹಸ್ತರ್ ಚಿನ್ನ ದೋಚಿಕೊಂಡ, ಧಾನ್ಯಕ್ಕೆ ಕೈ ಹಾಕುವಾಗ ಉಳಿದ ದೇವತೆಗಳು ಮೇಲೆ ಬಿದ್ದರು. ತಾಯಿ ಅವನನ್ನು ಉಳಿಸಿಕೊಂಡಳು, ಆದರೆ ಯಾರೂ ಅವನನ್ನು ಪೂಜಿಸಬಾರದು, ನೆನಪಿಟ್ಟುಕೊಳ್ಳಲೂಬಾರದು ಅಂತ ಕರಾರು. ತುಂಬಾಡಿನ ಒಂದು ಮನೆತನ ಅವನಿಗೂ ಗುಡಿ ಕಟ್ಟಿತು. ಅವತ್ತಿನಿಂದ ಆ ಊರಿಗೆ ನಿಲ್ಲದ ಮಳೆ. ಇಂಥ ಪುರಾಣ ಯಾವ ಪುರಾಣದಲ್ಲೂ ಇಲ್ಲ, ಸಿನಿಮಾದವರು ಕೂತು ಹೆಣೆದದ್ದು. ಆದರೂ ನಮ್ಮಜ್ಜಿ ಹೇಳಿದ್ದ ಕಥೆ ಅನ್ನಿಸಿಬಿಡುತ್ತದೆ.

ನನಗೆ ಹಿಡಿಸಿದ್ದು ಒಂದು ಸಣ್ಣ ಲೆಕ್ಕ. ಹಸ್ತರನ ಹತ್ತಿರ ಮುಗಿಯದಷ್ಟು ಚಿನ್ನ ಇದೆ, ಧಾನ್ಯ ಮಾತ್ರ ಸಿಗಲಿಲ್ಲ. ಹಾಗಾಗಿ ಅವನಿಗೆ ಯಾವಾಗಲೂ ಹಸಿವು. ಮನುಷ್ಯನ ಹತ್ತಿರ ಹಿಟ್ಟಿದೆ, ಚಿನ್ನ ಇಲ್ಲ. ಒಂದು ಹಿಟ್ಟಿನ ಗೊಂಬೆ ಹಿಡಿದು ಅವನಿರುವ ಬಾವಿಗೆ ಇಳಿದರೆ, ಅವನು ಅದನ್ನು ತಿನ್ನುವಷ್ಟು ಹೊತ್ತಿನಲ್ಲಿ ಅವನ ಲಂಗೋಟಿಯಿಂದ ನಾಣ್ಯ ಬಿಡಿಸಿಕೊಂಡು ಮೇಲೆ ಓಡಿಬರಬಹುದು. ಇಷ್ಟೇ ಇಡೀ ಸಿನಿಮಾದ ವ್ಯವಹಾರ.

ಹಿಟ್ಟಿನ ಗೊಂಬೆ ಅಂದ ಕೂಡಲೇ ಕನ್ನಡ ಓದಿದವರಿಗೆ ಜನ್ನ ನೆನಪಾಗದೇ ಇರುವುದಿಲ್ಲ. 'ಯಶೋಧರ ಚರಿತೆ'ಯಲ್ಲಿ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಗ ನಿಜವಾದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ದೇವಿಗೆ ಕಡಿಯುತ್ತಾನೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಕಾಲೇಜಿನಲ್ಲಿ ಮೇಷ್ಟ್ರು ಅದನ್ನು ಓದಿದಾಗ ನನ್ನ ಕೈಮೇಲಿನ ಕೂದಲು ನಿಮಿರಿತ್ತು. 1209ರ ಕಾವ್ಯ ಅದು. ನಮ್ಮಲ್ಲಿ ಹಾರರ್ ಇಲ್ಲ, ಡಾರ್ಕ್ ಫ್ಯಾಂಟಸಿ ಇಲ್ಲ ಅನ್ನುವವರು ಅದನ್ನೊಮ್ಮೆ ಓದಬೇಕು. ಬಾವಿಯೊಳಗೆ ಕಥಾನಾಯಕ ವಿನಾಯಕ ಹಿಟ್ಟಿನ ಗೊಂಬೆಯನ್ನು ಹೊರಗೆ ತೆಗೆದಾಗ ನಾನು ಮಾತ್ರ ಅದು ಕೂಗುತ್ತದೆ ಅಂತ ಕಾಯುತ್ತಿದ್ದೆ.

ಮೂರು ಕಾಲ, 1918, 1933, 1947. ಮೊದಲ ಭಾಗವೇ ಅತಿ ಹೆದರಿಕೆಯದು. ಮನೆಯಲ್ಲಿ ಸರಪಳಿ ಬಿಗಿದು ಇಟ್ಟ ಒಬ್ಬ ಅಜ್ಜಿ. ಅವಳು ನಿದ್ದೆಯಲ್ಲಿದ್ದಾಗಲೇ ಊಟ ತಿನ್ನಿಸಬೇಕು. ಎದ್ದರೆ ಹಸ್ತರ್ ಬರುತ್ತಾನೆ ಅಂತ ಹೇಳಿ ಮಲಗಿಸಬೇಕು. ಒಂದು ರಾತ್ರಿ ಅಮ್ಮ ಮನೆಯಲ್ಲಿಲ್ಲ, ಹುಡುಗ ವಿನಾಯಕ ಒಬ್ಬನೇ. ಒಳಗಿಂದ ಸರಪಳಿ ಎಳೆದ ಸದ್ದು. ನಮ್ಮ ಮನೆಯ ಜಗುಲಿಯ ಆಚೆಯ ಕತ್ತಲೆ ಕೋಣೆಗೆ ಅಡಿಕೆ ಚೀಲ ತರಲು ನನ್ನನ್ನೇ ಕಳಿಸುತ್ತಿದ್ದರು, ಆ ವಯಸ್ಸಿನ ನನ್ನ ಕಾಲು ನನಗೆ ನೆನಪಾಯಿತು. ಹುಡುಗನ ಬಾಯಿಂದ ಆ ಒಂದು ಹೆಸರು ಹೊರಡುವಷ್ಟರಲ್ಲಿ ನಮ್ಮ ಜೀವ ಬಾಯಿಗೆ ಬಂದಿರುತ್ತದೆ. ಇನ್ನೊಂದು ಮಜಾ ಹೇಳುತ್ತೇನೆ: ಆ ಅಜ್ಜಿಯಾಗಿ ನಟಿಸಿದವನು ಮೊಹಮ್ಮದ್ ಸಮದ್ ಅನ್ನುವ ಹುಡುಗ. ಕೊನೆಯ ಭಾಗದಲ್ಲಿ ವಿನಾಯಕನ ಮಗ ಪಾಂಡುರಂಗನಾಗಿ ಬರುವವನೂ ಅವನೇ. ಗೊತ್ತಾದ ಮೇಲೆ ಎರಡನೇ ಸಲ ನೋಡಿದರೆ ತಲೆ ತಿರುಗುತ್ತದೆ.

ಆದರೆ ಈ ಸಿನಿಮಾ ನನಗೆ ಮುಖ್ಯ ಆಗಿದ್ದು ಅಜ್ಜಿಯಿಂದ ಅಲ್ಲ, ಹಗ್ಗದಿಂದ. ದೊಡ್ಡವನಾದ ವಿನಾಯಕ (ಸೋಹಮ್ ಶಾ) ವಾಡಾದೊಳಗಿನ (ವಾಡಾ ಅಂದರೆ ಹಳೆಯ ದೊಡ್ಡ ಮನೆ) ಬಾವಿಗೆ ಇಳಿಯುವ ರೀತಿ ನೋಡಿ. ಒಬ್ಬ ಕೂಲಿಯವನ ಹಾಗೆ ಇಳಿಯುತ್ತಾನೆ. ಹಗ್ಗ ಕಟ್ಟುತ್ತಾನೆ, ಗಂಟು ಎಳೆದು ನೋಡುತ್ತಾನೆ, ಕೆಳಗೆ ಹೋಗಿ ಹಿಟ್ಟಿನಿಂದ ಸುತ್ತ ಗೆರೆ ಹಾಕುತ್ತಾನೆ. ಕೆಂಪು ಗೋಡೆಗಳು ಉಸಿರಾಡುತ್ತವೆ. ಆಮೇಲೆ ಗೊಂಬೆ, ಆಮೇಲೆ ಕೈಚಳಕ, ಆಮೇಲೆ ಓಟ. ಸಿಗುವುದು ಬೊಗಸೆ ತುಂಬದಷ್ಟು ನಾಣ್ಯ. ಪುಣೆಗೆ ಬಂದು ಮಾರುತ್ತಾನೆ, ಖರ್ಚಾಗುತ್ತದೆ, ಮತ್ತೆ ಹೋಗುತ್ತಾನೆ. ಅಡಿಕೆ ಮರ ಹತ್ತುವ ಕೊನೆಗಾರನಿಗೂ ಇವನಿಗೂ ವ್ಯತ್ಯಾಸ ಇಲ್ಲ. ದೆವ್ವದ ಮನೆಗೆ ಕೆಲಸಕ್ಕೆ ಹೋಗುವುದು ರೂಢಿಯಾಗಿಬಿಟ್ಟಿದೆ. ಮಗನಿಗೂ ಅದೇ ಕಸುಬು ಕಲಿಸುತ್ತಾನೆ, ಬೇರೆ ಅಪ್ಪಂದಿರು ಅಂಗಡಿ ಗಲ್ಲಾ ಲೆಕ್ಕ ಕಲಿಸುವ ಹಾಗೆ. ಹಸ್ತರನಿಗಿಂತ ಆ ಅಪ್ಪ ಮಗನ ತರಬೇತಿ ನೋಡಿ ನನಗೆ ಜಾಸ್ತಿ ಹೆದರಿಕೆ ಆಯಿತು.

ಹೊರಗೆ ಬಂದ ಮೇಲೆ ಪಾರ್ಕಿಂಗಿನಲ್ಲಿ ಅರ್ಧ ಗಂಟೆ ಜಗಳ. ಆಫೀಸಿನ ಗೆಳೆಯನಿಗೆ ದೆವ್ವ ಅಂದರೆ ಬಾಗಿಲ ಹಿಂದಿಂದ ಧಡ್ ಅಂತ ಬರಬೇಕು. 'ಇದು ಹಾರರ್ ಅಲ್ಲ ಮಾರಾಯ, ನೀತಿಕಥೆ. ಒಂದು ಸಲಾನೂ ಕುರ್ಚಿಯಿಂದ ಏಳಲಿಲ್ಲ' ಅಂದ. ಇನ್ನೊಬ್ಬ ಅಮೆರಿಕದ ಹಾರರ್ ಲೇಖಕ ಲವ್‌ಕ್ರಾಫ್ಟ್ ಭಕ್ತ. ಹಸ್ತರ್ ಅನ್ನುವ ಹೆಸರು ಇನ್ನೊಬ್ಬ ಅಮೆರಿಕದ ಲೇಖಕ ಆಂಬ್ರೋಸ್ ಬಿಯರ್ಸ್ ಕಥೆಯ 'ಹಸ್ತುರ್' ಅನ್ನುವ ದೇವರ ಹೆಸರಿನ ತರಹವೇ ಇದೆ ಅಂತ ಅಲ್ಲೇ ಪಾಠ ಶುರು ಮಾಡಿದ. ಹೆಸರು ಹತ್ತಿರ ಇದೆ ನಿಜ. ಆದರೆ ಲವ್‌ಕ್ರಾಫ್ಟ್ ಕಥೆಗಳ ದೇವರುಗಳಿಗೆ ಮನುಷ್ಯ ಅಂದರೆ ಇರುವೆ, ಲೆಕ್ಕಕ್ಕೇ ಇಲ್ಲ. ನಮ್ಮ ಹಸ್ತರ್ ಹಾಗಲ್ಲ, ಅವನೂ ಒಬ್ಬ ತಾಯಿಯ ಮುದ್ದಿನ ಮಗ, ಹಸಿದ ಮಗ. ಅದು ಇಲ್ಲಿನದೇ ದೆವ್ವ.

ನನ್ನ ತಂಗಿಯ ಮಾತು ಮಾತ್ರ ಸರಿಯಾಗಿ ತಾಗಿತು. 'ಅಮ್ಮ, ಹೆಂಡತಿ, ಇಟ್ಟುಕೊಂಡವಳು, ಇಷ್ಟು ಜನ ಹೆಂಗಸರು ಇದ್ದಾರೆ. ಒಬ್ಬರಾದರೂ ಬಾವಿಗೆ ಇಳಿಯಬೇಕು ಅಂತ ಯಾಕೆ ಕೇಳಲ್ಲ?' ವಾಡಾ ಬಿಟ್ಟು ನಡೆ ಅನ್ನುವ ಬುದ್ಧಿ ಮೊದಲ ಭಾಗದ ಅಮ್ಮನಿಗಿದೆ. ಆದರೆ ಹೆಂಡತಿಗೆ ಬರೀ ಕಾಯುವ ಕೆಲಸ. ಅದು ಆ ಕಾಲದ ಕ್ರೌರ್ಯವನ್ನು ತೋರಿಸಲು ಅಂತ ನಾನು ವಾದ ಮಾಡಿದೆ. ವಾದ ಮಾಡಿದೆ ಅಷ್ಟೇ, ನನಗೇ ಪೂರ್ತಿ ಒಪ್ಪಿಗೆ ಇರಲಿಲ್ಲ.

ಬೇರೆ ಕೊರತೆಯೂ ಇದೆ. 1933ರ ಭಾಗದಲ್ಲಿ ಸಾಹುಕಾರ ರಾಘವನ ಪ್ರಸಂಗ ಮುಗಿದ ಮೇಲೆ ಸ್ವಲ್ಪ ಹೊತ್ತು ಕಥೆ ಕುಂಟುತ್ತದೆ. ಕೊಂಕಣದ ಮನೆಯವರು ಶುದ್ಧ ಹಿಂದಿ ಮಾತಾಡುವುದು ಕಿವಿಗೆ ಒಂಚೂರು ಕಲ್ಲು ಸಿಕ್ಕಿದ ಹಾಗೆ. ಸಂಗೀತ ಯೆಸ್ಪರ್ ಕಿಡ್ ಅವರದು, ವಿಡಿಯೋ ಗೇಮ್‌ಗಳಿಗೆ ಸಂಗೀತ ಮಾಡಿ ಹೆಸರಾದ ಡೆನ್ಮಾರ್ಕಿನವರು. ಬಹುತೇಕ ಚೆನ್ನಾಗಿದೆ, ಒಂದೆರಡು ಕಡೆ ಮಳೆಯ ಸದ್ದೇ ಸಾಕಿತ್ತು. ನಿರ್ದೇಶಕ ರಾಹಿ ಅನಿಲ್ ಬರ್ವೆ ಅವರಿಗೆ ಇದು ಮೊದಲ ದೊಡ್ಡ ಸಿನಿಮಾ ಅಂದರೆ ನಂಬಲು ಕಷ್ಟ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಒಂದು ಗಂಟೆ ಮುಕ್ಕಾಲು ಅಷ್ಟೇ, ಮುಗಿದದ್ದೇ ಗೊತ್ತಾಗುವುದಿಲ್ಲ. ಮನೆಯಲ್ಲಿ ನೋಡುವುದಾದರೆ ಲೈಟು ಆರಿಸಿ, ಟಿವಿಯ ಬ್ರೈಟ್‌ನೆಸ್ ಮುಟ್ಟಬೇಡಿ, ಮಕ್ಕಳನ್ನು ಮಲಗಿಸಿ.

ಕಳೆದ ಮಳೆಗಾಲ ಊರಿಗೆ ಹೋದಾಗ ಸೋದರಮಾವನಿಗೂ ಇದನ್ನು ತೋರಿಸಿದೆ. ಮಾವನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ನೆಲದೊಳಗೆ ಹೊನ್ನಿನ ಕೊಪ್ಪರಿಗೆ ಇರುತ್ತದೆ, ರಾತ್ರಿ ಸರಪಳಿ ಎಳೆದುಕೊಂಡು ಓಡಾಡುತ್ತದೆ, ಬಲಿ ಕೇಳುತ್ತದೆ ಅನ್ನುವ ಮಾತು ಹಳೆಯದು. ಸುಮಾರು ಮೂವತ್ತು ವರ್ಷದ ಹಿಂದೆ ಮಾವ ಆ ಸದ್ದು ಕೇಳಿಸಿಕೊಂಡರಂತೆ. ಘಟ್ಟದ ಕೆಳಗಿನಿಂದ ಒಬ್ಬ ಮಂತ್ರವಾದಿ ಬಂದ, ವೀಳ್ಯದೆಲೆಗೆ ಅಂಜನ ಹಚ್ಚಿ ಜಾಗ ತೋರಿಸಿದ. ತೋಟದ ಮೂಲೆಯಲ್ಲಿ ಮೂರು ರಾತ್ರಿ ಅಗೆದರು. ಸಿಕ್ಕಿದ್ದು ಒಡೆದ ಒರಳುಕಲ್ಲು. ಸಾಲ ತೀರಿಸಲು ಅರ್ಧ ಎಕರೆ ತೋಟ ಹೋಯಿತು. ಅತ್ತೆ ಇವತ್ತಿಗೂ ಆ ಒರಳುಕಲ್ಲನ್ನು ಬಚ್ಚಲ ಬಾಗಿಲಲ್ಲಿ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಮಾವ ಅದನ್ನು ದಾಟಿಯೇ ಮುಖ ತೊಳೆಯಬೇಕು.

ನಾನು ಬೇಕೆಂದೇ ಏನೂ ಹೇಳದೆ ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಹೊರಗೆ ಧೋ ಅಂತ ಸುರಿಯುತ್ತಿತ್ತು. ಮಾವನಿಗೆ ಹಿಂದಿ ಅಷ್ಟಕ್ಕಷ್ಟೇ. ಅಜ್ಜಿಯ ಭಾಗಕ್ಕೆ ಅತ್ತೆ ಎದ್ದು ಒಳಗೆ ಹೋದರು. ಮಾವ ಎಲೆ ಅಡಿಕೆಯನ್ನೂ ಮರೆತು ಕೊನೆಯವರೆಗೂ ನೋಡಿದರು. ಪರದೆ ಕಪ್ಪಾಯಿತು. ನಾನು ಕಾದೆ. ಮಾವ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಒಳಗೆ ಅತ್ತೆ ಎಲ್ಲಿದ್ದಾರೆ ಅಂತ ಒಮ್ಮೆ ಇಣುಕಿದರು, ಆಮೇಲೆ ದನಿ ತಗ್ಗಿಸಿ ಕೇಳಿದರು:

'ಆ ಹಗ್ಗ ಎಷ್ಟು ಮಾರು ಇರಬಹುದು ಮಾಣಿ?'