ಮಳೆಯ ಗ್ರಿಡ್ ಕತ್ತರಿಸಲು ನಂಪೈ ಸಾಕಾ, ಎಕ್ಸ್‌ಅರೇ ಬೇಕಾ?

ಭಾರತ ಹವಾಮಾನ ಇಲಾಖೆಯ ದಿನವಹಿ ಮಳೆ ಗ್ರಿಡ್ ಅಂದರೆ ನಕ್ಷೆಗಳ ದೊಡ್ಡ ಕಟ್ಟು. ಕಾಲು ಡಿಗ್ರಿಗೊಂದು ಚೌಕ. ಅಕ್ಷಾಂಶದ ಕಡೆ 129, ರೇಖಾಂಶದ ಕಡೆ 135. 1991ರಿಂದ 2020ರವರೆಗಿನ 10,958 ದಿನಗಳನ್ನು ಒಂದೇ ಕಡತಕ್ಕೆ ಜೋಡಿಸಿಕೊಂಡೆ. ಸುಮಾರು 763 ಎಂಬಿ ಆಯಿತು. ಅದನ್ನೇ ಪೈಥಾನ್ ಭಾಷೆಯ ಎರಡು ಲೈಬ್ರರಿಗಳಲ್ಲಿ ಎರಡು ಥರ ತುಂಡು ಮಾಡಿ ನೋಡಿದೆ.

ಮೊದಲು ನಂಪೈ, ಬರೀ ಸಂಖ್ಯೆಗಳ ಕೋಷ್ಟಕ ನಿಭಾಯಿಸುವಂಥದ್ದು. ಅದರಲ್ಲಿ ತುಂಡು ಮಾಡುವ ಆಜ್ಞೆ ಅರೇ_ಸ್ಪ್ಲಿಟ್‌ಗೆ 30 ಅಂತ ಕೊಟ್ಟೆ, ವರ್ಷಕ್ಕೊಂದು ತುಂಡು ಬರುತ್ತದೆ ಅಂದುಕೊಂಡೆ. ತುಂಡು 30 ಬಂದವು, ಆದರೆ ಅವು ವರ್ಷಗಳಲ್ಲ! ಭಾಗಿಸಿ ಉಳಿದ 8 ದಿನಗಳನ್ನು ಅದು ಮೊದಲ ಎಂಟು ತುಂಡುಗಳಿಗೆ ಒಂದೊಂದಾಗಿ ಹಂಚಿಬಿಡುತ್ತದೆ. ಅಧಿಕ ವರ್ಷ ಯಾವುದು ಅಂತ ಅದಕ್ಕೇನು ಗೊತ್ತು? ನನ್ನ '1998' ಮುಗಿದದ್ದು 1999ರ ಜನವರಿ 6ಕ್ಕೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಸುಮ್ನೆ ತಪ್ಪು ಉತ್ತರ.

ಎಕ್ಸ್‌ಅರೇ ಸಂಖ್ಯೆಗಳ ಜೊತೆ ಹೆಸರುಪಟ್ಟಿಯನ್ನೂ ಇಟ್ಟುಕೊಳ್ಳುತ್ತದೆ, ಪ್ರತಿ ಪದರಕ್ಕೂ ತಾರೀಖು ಅಂಟಿಕೊಂಡಿರುತ್ತದೆ. ವರ್ಷದ ಮೇಲೆ ಗ್ರೂಪ್‌ಬೈ (ಗುಂಪು) ಮಾಡಿದರೆ ಈ ರಗಳೆಯೇ ಇಲ್ಲ. ಆಗುಂಬೆ ಬೇಕಾದರೆ ಅಕ್ಷಾಂಶ 13.5, ರೇಖಾಂಶ 75 ಅಂತ ಬರೆದರಾಯಿತು. ನಂಪೈಯಲ್ಲಿ ಸೊನ್ನೆಯಿಂದ ಎಣಿಸಿ 28ನೇ ಸಾಲು, 34ನೇ ಕಂಬ ಅಂತ ನಾವೇ ಲೆಕ್ಕ ಹಾಕಬೇಕು.

ಹಾಗಂತ ವೇಗದಲ್ಲೂ ಎಕ್ಸ್‌ಅರೇ ಗೆದ್ದಿತಾ? ಇಲ್ಲ. ಆಗುಂಬೆಯ 30 ವರ್ಷದ ಮಳೆ ಕೇಳಿದರೆ ಎರಡೂ ತಿಣುಕಿದವು. ನಂಪೈ ಕಡತದಲ್ಲಿ ಒಂದೇ ಚೌಕದ ಇವತ್ತಿನ ಮಳೆಗೂ ನಾಳೆಯ ಮಳೆಗೂ 69,660 ಬೈಟ್ ದೂರ. ನನ್ನ ಹಳೇ ಹಾರ್ಡ್ ಡಿಸ್ಕ್‌ಗೆ ಅದು ಬರೀ ಓಡಾಟ. ಎಕ್ಸ್‌ಅರೇಗೆಂದು 365 ದಿನಕ್ಕೊಂದು ತುಂಡು ಮಾಡಿ ಜಾರ್ (ದತ್ತಾಂಶವನ್ನು ತುಂಡುತುಂಡಾಗಿ ಇಡುವ ಮಾದರಿ) ಕಡತದಲ್ಲಿ ಇಟ್ಟಿದ್ದೆ. ಒಂದು ಚೌಕಕ್ಕಾಗಿ 31 ತುಂಡುಗಳನ್ನೂ ಬಿಚ್ಚಬೇಕಾಯಿತು. ಆಮೇಲೆ ತುಂಡಿನ ಆಕಾರವನ್ನೇ ಬದಲಿಸಿದೆ. 43×45ರ ಒಂಬತ್ತು ತುಂಡು, ಪ್ರತಿಯೊಂದರಲ್ಲೂ ಪೂರ್ತಿ 30 ವರ್ಷ. ಆಗುಂಬೆ ಮೊದಲ ತುಂಡಿನಲ್ಲೇ ಸಿಕ್ಕಿತು. ಆದರೆ ಈಗ ಒಂದು ದಿನದ ಭಾರತದ ನಕ್ಷೆ ಬೇಕೆಂದರೆ ಒಂಬತ್ತನ್ನೂ ಬಿಚ್ಚಬೇಕು. ಗಿಡ್ಡ ಕಂಬಳಿ ಇದ್ದಂತೆ, ತಲೆಗೆಳೆದರೆ ಕಾಲಿಗಿಲ್ಲ. ಕೊನೆಗೆ ಎರಡು ಪ್ರತಿ ಇಟ್ಟುಕೊಂಡೆ. ಡಿಸ್ಕ್ ಜಾಸ್ತಿ ಹೋದರೆ ಹೋಗಲಿ.

ಚಿತ್ರ ಬಿಡಿಸುವಾಗ ಚಿತ್ರದ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನ ಇಮ್‌ಶೋ ಆಜ್ಞೆ ಕಾಶ್ಮೀರವನ್ನು ಕೆಳಗಿಟ್ಟು ಕನ್ಯಾಕುಮಾರಿಯನ್ನು ಮೇಲೆ ಕೂರಿಸಿತು. ನಮ್ಮ ಮೊದಲ ಸಾಲು ದಕ್ಷಿಣದ 6.5 ಡಿಗ್ರಿ, ಅದಕ್ಕೆ ಮೊದಲ ಸಾಲು ಅಂದರೆ ಮೇಲಿನದು. ಆರಿಜಿನ್ 'ಲೋವರ್' ಅಂತ ಹೇಳಿದರೆ ಸರಿಯಾಗುತ್ತದೆ. ಎಕ್ಸ್‌ಅರೇಯ ಪ್ಲಾಟ್ ಇದನ್ನು ತಾನೇ ನೋಡಿಕೊಂಡಿತು. ಆದರೆ ಮಾಹಿತಿ ಇಲ್ಲದ ಕಡೆ ಇರುವ -999 ಅನ್ನು ಮೊದಲೇ ತೆಗೆಯದಿದ್ದರೆ ಎರಡರಲ್ಲೂ ಬಣ್ಣ ಕೆಡುತ್ತದೆ.

ಮೂರು ಆಯಾಮದ ಚಿತ್ರ ಬಿಡಿಸುವ ಪೈವಿಸ್ಟಾ ಕೂಡ ನೋಡಿದೆ. ಒಂದು ಮುಂಗಾರಿನ 122 ದಿನಗಳನ್ನು ಪೆಟ್ಟಿಗೆಯಂತೆ ಪೇರಿಸಿ, ಇಲಾಖೆಯ ಲೆಕ್ಕದಲ್ಲಿ ಭಾರೀ ಮಳೆಯ ಗೆರೆಯಾದ 64.5 ಮಿ.ಮೀ. ದಾಟಿದ ಚೌಕಗಳನ್ನಷ್ಟೇ ಉಳಿಸಿದೆ. ಮೌಸ್‌ನಲ್ಲಿ ತಿರುಗಿಸುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗಲ್ಲ. ಆದರೆ ಮನೆಯವರು "ಇದರಲ್ಲಿ ನಮ್ಮ ಊರು ಎಲ್ಲಿ?" ಅಂತ ಕೇಳಿದಾಗ ತೋರಿಸಲು ಆಗಲಿಲ್ಲ. ಎಕ್ಸ್‌ಅರೇಯ ಚಪ್ಪಟೆ ನಕ್ಷೆಯನ್ನೇ ತೆರೆದೆ. ಆಗುಂಬೆಯ ಕಡುನೀಲಿ ಪೂರ್ವಕ್ಕೆ ನಾಲ್ಕೈದು ಚೌಕ ದಾಟುವಷ್ಟರಲ್ಲಿ ತೆಳುವಾಗಿತ್ತು.